ಒಣಗಿಸಿಡುವ ವಿದ್ಯೆ

ಕಳೆದ ಶ್ರಾವಣದಲ್ಲಿ ಸೊಸೆ ಹುಬ್ಬಳ್ಳಿಯಿಂದ ಬರುವಾಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತಂದಳು. ಬಿಚ್ಚಿ ನೋಡಿದರೆ ಚಿಕ್ಕ ಕಪಾಟಿನಂಥ ಒಂದು ಯಂತ್ರ. ಒಳಗೆ ಜಾಲರಿಯ ಆರು ತಟ್ಟೆಗಳು, ಹಿಂದೆ ಒಂದು ಫ್ಯಾನು, ಮುಂದೆ ಶಾಖವನ್ನೂ ಹೊತ್ತನ್ನೂ ಗೊತ್ತುಮಾಡುವ ಎರಡು ಗುಂಡಿಗಳು. "ಇದಕ್ಕ ಡಿಹೈಡ್ರೇಟರ್ ಅಂತಾರ್ರೀ ಮಾವಾರ. ಹಣ್ಣು, ಕಾಯಿಪಲ್ಯ ಏನ ಇಟ್ರೂ ಒಣಗಿಸಿ ಕೊಡತೈತಿ" ಎಂದಳು. ಹೊರಗೆ ಜಿಟಿಜಿಟಿ ಮಳೆ. ಮೂರು ದಿನಗಳಿಂದ ಸೂರ್ಯನ ಮುಖ ಕಂಡಿರಲಿಲ್ಲ. ನಾನು ನಕ್ಕು, "ನಮ್ಮವ್ವ ಇದ್ದಿದ್ರ, ಬಿಸಿಲಿಗೂ ಕರೆಂಟ್ ಬಿಲ್ ಕಟ್ಟತೀರೇನು ಅಂತ ಕೇಳತಿದ್ಲು" ಎಂದೆ.

ಆ ಮಾತನ್ನು ತಮಾಷೆಗೆಂದೇ ಆಡಿದ್ದು. ಆದರೆ ಅದೇ ವಾರ ನಮ್ಮ ಓಣಿಯ ರೈತರೊಬ್ಬರು ಸಂತೆಯಿಂದ ಟೊಮ್ಯಾಟೊ ಬುಟ್ಟಿಗಳನ್ನು ಹಾಗೆಯೇ ಮರಳಿ ತಂದರು. ಕೇಳಿದ ಬೆಲೆ ಗಾಡಿಯ ಬಾಡಿಗೆಗೂ ಸಾಲುವಂತಿರಲಿಲ್ಲವಂತೆ. "ತಿಪ್ಪಿಗೆ ಹಾಕೋದು ಬ್ಯಾಡ, ನೀವ ಒಂದ ಬುಟ್ಟಿ ಇಟ್ಕೊಳ್ರಿ ಮಾಸ್ತರ" ಎಂದು ನಮ್ಮ ಪಡಸಾಲೆಯಲ್ಲಿ ಒಂದು ಬುಟ್ಟಿ ಇಳಿಸಿ ಹೋದರು. ಅಂದು ರಾತ್ರಿ ಆ ಬುಟ್ಟಿಯನ್ನೂ ಆ ಯಂತ್ರವನ್ನೂ ಒಟ್ಟಿಗೆ ನೋಡುತ್ತ ಕುಳಿತಾಗ ನನ್ನ ನಗು ನನಗೇ ಹಗುರವೆನಿಸಿತು. ಒಣಗಿಸುವುದೆಂದರೆ ಹೆಂಗಸರ ಬೇಸಿಗೆಯ ಕೆಲಸ, ಹಪ್ಪಳ ಸಂಡಿಗೆಯ ವಿಷಯ ಎಂದು ತಿಳಿದು ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಆ ಪಾಠದಲ್ಲಿ ಬಿಟ್ಟುಹೋದ ಒಂದು ಅಧ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಿರೇಬೆಂಡಿಗೇರಿ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ್ದು. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯವರು. ನನ್ನ ಬಾಲ್ಯದ ಮನೆ ಮಣ್ಣಿನ ಮಾಳಿಗೆಯದು. ಆ ಮಾಳಿಗೆ ಮನೆಗೆ ಮುಚ್ಚಿಗೆ ಮಾತ್ರವಾಗಿರಲಿಲ್ಲ, ಅವ್ವನ ಎರಡನೆಯ ಅಡುಗೆಮನೆಯೂ ಆಗಿತ್ತು. ಅದಕ್ಕೊಂದು ಪಂಚಾಂಗವಿತ್ತು. ಚಳಿಗಾಲದಲ್ಲಿ ಕಡಲೆಯ ಗಿಡದ ಎಳೆಯ ಕುಡಿಗಳನ್ನು ಚಿವುಟಿ ತಂದು ನೆರಳಲ್ಲಿ ಒಣಗಿಸಿ ಕಡ್ಲಿಪಲ್ಯ ಮಾಡಿಡುವುದು. ಸಂಕ್ರಮಣದ ಹೊತ್ತಿಗೆ ಕೆಂಪು ಮೆಣಸಿನಕಾಯಿ. ಬಿಸಿಲು ಬಲಿತಂತೆ ಉಪ್ಪು ಮಜ್ಜಿಗೆಯಲ್ಲಿ ನೆನೆಸಿದ ಚವಳಿಕಾಯಿ ಮತ್ತು ಬಾಳಕದ ಮೆಣಸಿನಕಾಯಿ. ಯುಗಾದಿ ಕಳೆದ ಮೇಲೆ ಶಾವಿಗೆ, ಕುರಡಿಗೆ, ಹಪ್ಪಳ, ಸಂಡಿಗೆ. ಗಾಳಿಗೆ ಉದುರಿದ ಎಳೆ ಮಾವಿನಕಾಯಿಯೂ ವ್ಯರ್ಥವಾಗುತ್ತಿರಲಿಲ್ಲ. ಅದನ್ನು ಹೋಳು ಮಾಡಿ ಒಣಗಿಸಿದರೆ ಮಳೆಗಾಲದ ಸಾರಿಗೆ ಹುಳಿಯಾಗುತ್ತಿತ್ತು. ರೋಹಿಣಿ ಮಳೆಯ ಮೊದಲ ಮೋಡ ಕಾಣುವಷ್ಟರಲ್ಲಿ ಎಲ್ಲವೂ ಗಡಿಗೆ ಸೇರಿರಬೇಕು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೆಲುವಿಗೆ ಏರಿಸಿದ ಮೇಲೆಯೇ ಅವ್ವನಿಗೆ ನೆಮ್ಮದಿ.

ಮಕ್ಕಳಾದ ನಮಗೆ ಕಾಗೆ ಕಾಯುವ ಕೆಲಸ. ಕೈಯಲ್ಲಿ ಕೋಲು ಹಿಡಿದು, ಅರ್ಧ ಒಣಗಿದ ಸಂಡಿಗೆಯನ್ನು ಕದ್ದು ತಿನ್ನುತ್ತ, ಕಾಗೆಗಳ ಮೇಲೆ ದೂರು ಹಾಕಿ ಪಾರಾಗುತ್ತಿದ್ದೆವು. ಇದನ್ನು ಓದುವ ನನ್ನ ವಯಸ್ಸಿನವರು ಯಾರೂ ಈ ಅಪರಾಧದಿಂದ ಮುಕ್ತರಲ್ಲವೆಂದು ನನ್ನ ನಂಬಿಕೆ.

ಈ ಗಡಿಗೆಗಳ ನಿಜವಾದ ಬೆಲೆ ನನಗೆ ತಿಳಿದದ್ದು 1972ರ ಬರದಲ್ಲಿ. ಆಗ ನನಗೆ ಹನ್ನೆರಡು ವರ್ಷ. ಮಹಾರಾಷ್ಟ್ರವನ್ನೂ ನಮ್ಮ ಉತ್ತರ ಕರ್ನಾಟಕವನ್ನೂ ಒಟ್ಟಿಗೆ ಬಡಿದ ಬರವದು. ಹಿತ್ತಲಿನ ಬಳ್ಳಿ ಸುಟ್ಟುಹೋಗಿತ್ತು, ಸಂತೆಯಲ್ಲಿ ಕಾಯಿಪಲ್ಯದ ಮುಖ ಕಾಣುತ್ತಿರಲಿಲ್ಲ. ಇದ್ದ ಜೋಳವನ್ನು ಅಳೆದು ಅಳೆದು ಬೀಸುತ್ತಿದ್ದರು. ಅಂಥ ದಿನಗಳಲ್ಲಿ ಅವ್ವ ಹಿಂದಿನ ವರ್ಷದ ಗಡಿಗೆಯನ್ನು ಇಳಿಸಿ, ಒಂದು ಹಿಡಿ ಒಣ ಕಡ್ಲಿಪಲ್ಯವನ್ನು ನೀರಿಗೆ ಹಾಕಿ, ಸ್ವಲ್ಪ ನುಚ್ಚು ಬೆರೆಸಿ ಕುದಿಸುತ್ತಿದ್ದಳು. ಒಂದು ಹಿಡಿ ಎಲೆ ಅರಳಿ ಒಂದು ಬೋಗುಣಿಯಾಗುವುದನ್ನು ನಾವು ಒಲೆಯ ಮುಂದೆ ಕುಳಿತು ನೋಡುತ್ತಿದ್ದೆವು. ಬರದ ವರ್ಷವೆಂಬುದು ಮಳೆ ಬಾರದ ವರ್ಷ ಮಾತ್ರವಲ್ಲ, ಹಿಂದಿನ ವರ್ಷ ಏನನ್ನೂ ಎತ್ತಿಡದವರ ಪಾಲಿಗೆ ಅದು ಎರಡು ಪಟ್ಟು ಬರ ಎಂಬುದು ಆಗ ಅರ್ಥವಾಯಿತು.

ನಮ್ಮ ಸೀಮೆಗೆ ಬರ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ, 1791-92ರ ಸುಮಾರಿಗೆ ಬಂದ ಡೋಗಿ ಬರದ ಹೆಸರನ್ನು ನಮ್ಮ ಹಿರಿಯರು ಭಯದಿಂದಲೇ ಹೇಳುತ್ತಿದ್ದರು. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಆ ಹೆಸರು ಬಂತು. ಮುಂಬಯಿ ಪ್ರಾಂತದ ಧಾರವಾಡ, ವಿಜಯಪುರ, ಬೆಳಗಾವಿ ಜಿಲ್ಲೆಗಳು 1876-78ರ ಮಹಾ ಬರದಲ್ಲಿಯೂ ನಲುಗಿದವು. ಇಂಥ ನೆಲದಲ್ಲಿ ಬದುಕಿದ ಹೆಂಗಸರಿಗೆ ಕಡಲೆಯ ಕುಡಿಯನ್ನು ಒಣಗಿಸುವುದು ಕೇವಲ ರುಚಿಯ ವಿಷಯವಾಗಿದ್ದಿರಲಾರದು. ಕನ್ನಡದಲ್ಲಿ ಪಾಕಶಾಸ್ತ್ರದ ಬರಹ ಸಾವಿರ ವರ್ಷ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಇದೆ. ಮುಂದೆ ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ರಚಿಸಿದ. ಆದರೆ ಅವ್ವನಂಥವರು ಓದು ಬರಹವಿಲ್ಲದವರು. ಎಷ್ಟು ಬಿಸಿಲು, ಎಷ್ಟು ಉಪ್ಪು, ಯಾವುದಕ್ಕೆ ನೆರಳು, ಯಾವುದಕ್ಕೆ ಗಾಳಿ ಎಂಬುದೆಲ್ಲ ಅವರಿಗೆ ಬಂದದ್ದು ಅತ್ತೆಯ ಬಾಯಿಂದ, ಕೈಯಿಂದ.

ಪ್ರಪಂಚದ ಮತ್ತೊಂದು ತುದಿಯಲ್ಲೂ ಇದೇ ವಿದ್ಯೆ ಬೆಳೆದಿತ್ತು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನ ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಒಡ್ಡಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸುತ್ತಾರೆ. ಅದಕ್ಕೆ ಚುನ್ಯೊ ಎಂದು ಹೆಸರು. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾ ಅರಸರು ಇಂಥ ಒಣ ಆಹಾರವನ್ನು ಬೆಟ್ಟದ ಇಳಿಜಾರಿನ ಸಾಲು ಸಾಲು ಉಗ್ರಾಣಗಳಲ್ಲಿ ತುಂಬಿಸಿ, ಅದರ ಬಲದಿಂದಲೇ ಸೈನ್ಯವನ್ನು ನಡೆಸಿದರು. ಅದೇ ಅಮೆರಿಕ ಖಂಡದಿಂದಲೇ ನಮ್ಮ ಮಾಳಿಗೆಯ ರಾಣಿಯಾದ ಮೆಣಸಿನಕಾಯಿಯೂ ಬಂದಿತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ, ಆ ಶತಮಾನದಲ್ಲಿ ಅವರ ಹಡಗುಗಳ ಮೂಲಕ ನಮ್ಮ ಕರಾವಳಿಗೆ ಇಳಿದ ಬೆಳೆಯದು. ಅದಕ್ಕೆ ಮೊದಲು ನಮ್ಮ ಖಾರವೆಂದರೆ ಕರಿಮೆಣಸು. ಹೊಸ ಕಾಯಿಗೂ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದು ನಾವು ಅದನ್ನು ನಮ್ಮದಾಗಿಸಿಕೊಂಡೆವು.

ಮೆಣಸಿನಕಾಯಿಯ ಮಾತು ಬಂದಾಗ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಲೇಬೇಕು. 1976ರ ಆರಂಭ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆ. ಅಕ್ಕನ ಮದುವೆಯ ಸಾಲ ಅಪ್ಪನ ತಲೆಯ ಮೇಲಿತ್ತು. ಎರಡು ಎಕರೆಯ ಮೆಣಸಿನಕಾಯಿ ಚೆನ್ನಾಗಿಯೇ ಬಂದಿತ್ತು. ಕಾಯಿ ಕಣದಲ್ಲಿ ಇನ್ನೂ ಅರೆಹಸಿಯಾಗಿರುವಾಗಲೇ ವ್ಯಾಪಾರಿಯೊಬ್ಬ ಬಂದು ಕುಳಿತ. ಮುಷ್ಟಿಯಲ್ಲಿ ಹಿಡಿದು ಹಿಚುಕಿ, "ಹಸಿ ಐತಿ ಗೌಡ್ರ" ಎಂದು ತೂಕದಲ್ಲಿಯೂ ಮುರಿದುಕೊಂಡ, ಬೆಲೆಯಲ್ಲಿಯೂ ಮುರಿದುಕೊಂಡ. "ಹದಿನೈದ ದಿನ ತಡೀರಿ, ಒಣಗಿದ ಮ್ಯಾಲೆ ಕೊಡೂಣು" ಎಂದು ಅವ್ವ ಬಾಗಿಲ ಮರೆಯಿಂದ ಹೇಳಿದಳು. ಅಪ್ಪ ತಡೆಯಲಿಲ್ಲ. ತಡೆಯಲು ಮನೆಯಲ್ಲಿ ಹಣವಿರಲಿಲ್ಲ, ಅಂಗಡಿಯ ಉದ್ರಿಯೂ ಮಿತಿ ಮೀರಿತ್ತು. ತಿಂಗಳೊಳಗೆ ಒಣ ಕಾಯಿಯ ಬೆಲೆ ಏರಿತು. ಆ ಸುದ್ದಿ ಕೇಳಿದ ದಿನ ಅಪ್ಪ ಊಟ ಮಾಡಲಿಲ್ಲ. ಅವ್ವ ಆಡಿ ತೋರಿಸಲಿಲ್ಲ.

ಆದರೆ ಆ ಬೇಸಿಗೆಯಲ್ಲಿ ಅವಳು ಮಾಳಿಗೆಯಿಂದ ಇಳಿಯಲೇ ಇಲ್ಲವೆನ್ನಬೇಕು. ಚವಳಿಕಾಯಿ, ಬದನೆಯ ಹೋಳು, ಸೌತೆಕಾಯಿಯ ಸಂಡಿಗೆ, ಹಿತ್ತಲಲ್ಲಿ ಬೆಳೆದದ್ದು, ತಂಗಿಯ ಊರಿನಿಂದ ಬಂದದ್ದು ಎಲ್ಲವೂ ಬಿಸಿಲಿಗೆ ಹೋಯಿತು. ಹಿಂದೆ ನಾಲ್ಕು ಗಡಿಗೆಗಳಿದ್ದ ನೆಲುವಿನಲ್ಲಿ ಎಂಟು ತೂಗಿದವು. ಮರುವರ್ಷ ಮೆಣಸಿನಕಾಯಿಯ ಕೊಯ್ಲಿನ ಕಾಲಕ್ಕೆ ಅವ್ವ ಸಂತೆಯ ಚೀಲವನ್ನು ಗೂಟಕ್ಕೆ ತೂಗಿಹಾಕಿದಳು. ಸುಮಾರು ಎರಡು ತಿಂಗಳು ಉಪ್ಪು ಎಣ್ಣೆಗಳ ಹೊರತು ಹೊರಗಿನಿಂದ ಏನೂ ಬರಲಿಲ್ಲ. ರೊಟ್ಟಿ, ಗಡಿಗೆಯೊಳಗಿನ ಪಲ್ಯ, ಮತ್ತೆ ರೊಟ್ಟಿ. ಕಾಯಿ ಕಣದಲ್ಲಿ ಗಲಗಲ ಸದ್ದು ಮಾಡುವಂತೆ ಒಣಗಿದ ಮೇಲೆ, ಬೆಲೆ ಏರುವವರೆಗೂ ಕಾದು, ಅಪ್ಪ ಚೀಲಗಳನ್ನು ಚಕ್ಕಡಿಗೆ ಹೇರಿ ತಾನೇ ಬ್ಯಾಡಗಿಗೆ ಹೋದ. ಸಾಲದ ದೊಡ್ಡ ಪಾಲು ತೀರಿತು. ನಾನು ಪಿಯುಸಿಯ ಎರಡನೆಯ ವರ್ಷದ ಫೀ ಕಟ್ಟಿದ್ದು ಆ ಹಣದಿಂದ. ಅಂದು ಅದು ದಕ್ಕದಿದ್ದರೆ ನಾನು ಮುಂದೆ ಬಿಎಡ್ ಮಾಡುವುದಾಗಲಿ, ಮಾಸ್ತರನಾಗುವುದಾಗಲಿ ಆಗುತ್ತಿರಲಿಲ್ಲ.

ಇಷ್ಟು ವರ್ಷಗಳ ಮೇಲೆ ಯೋಚಿಸಿದಾಗ ಆ ಎರಡು ವರ್ಷಗಳ ಅಂತರ ನನಗೆ ಸ್ಪಷ್ಟವಾಗುತ್ತದೆ. ಹಸಿಯ ಪದಾರ್ಥ ಇದ್ದವನು ಕಾಯಲಾರ. ಅವನ ಸರಕು ದಿನದಿನಕ್ಕೆ ಕೊಳೆಯುತ್ತದೆ, ಕೊಳ್ಳುವವನಿಗೆ ಅದು ಗೊತ್ತು. ಒಣಗಿಸಿದವನು ಕಾಯಬಲ್ಲ. ಒಣಗಿಸುವುದೆಂದರೆ ಕಾಯಿಯಿಂದ ನೀರು ತೆಗೆಯುವುದಷ್ಟೇ ಅಲ್ಲ, ತನಗಾಗಿ ಕಾಲವನ್ನು ಗಳಿಸುವುದು. ಆದರೆ ಆ ಹದಿನೈದು ದಿನ ಒಣಗಲು ಬಿಡಬೇಕಾದರೂ ಮನೆಯಲ್ಲಿ ಉಣ್ಣಲು ಇರಬೇಕು. ಅವ್ವನ ಗಡಿಗೆಗಳು ಅಪ್ಪನಿಗೆ ಕೊಟ್ಟದ್ದು ಆ ತಾಳ್ಮೆಯನ್ನು.

ಬ್ಯಾಡಗಿ ಪೇಟೆ ಬೆಳೆದದ್ದೂ ಈ ವಿದ್ಯೆಯ ಮೇಲೆಯೇ. ಗಿಡದಲ್ಲಿಯೇ ಹಣ್ಣಾಗಿ ಅರೆ ಬಾಡಿದ ಕಾಯಿಯನ್ನು ಬಿಡಿಸಿ, ಬಣ್ಣ ಸಮನಾಗಲೆಂದು ಮೊದಲು ರಾಶಿ ಹಾಕಿ ಮುಚ್ಚುತ್ತಾರೆ. ಆಮೇಲೆ ಸೆಗಣಿ ಸಾರಿಸಿದ ಕಣದಲ್ಲಿ ತೆಳುವಾಗಿ ಹರವಿ, ದಿನವೂ ಕೈಯಾಡಿಸಿ, ಸಂಜೆ ಇಬ್ಬನಿ ತಾಗದಂತೆ ಗುಡ್ಡೆ ಮಾಡಿ ಮುಚ್ಚುತ್ತಾರೆ. ಹತ್ತು ಹದಿನೈದು ದಿನಗಳಲ್ಲಿ ನೀರಿನ ಅಂಶ ನೂರಕ್ಕೆ ಎಪ್ಪತ್ತು ಎಂಬತ್ತರಿಂದ ಹತ್ತರ ಸುಮಾರಿಗೆ ಇಳಿಯುತ್ತದೆ. ಹಾಗೆ ಇಳಿಯದಿದ್ದರೆ ಬೂಸು ಹಿಡಿಯುತ್ತದೆ. ಬೂಸಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಕಣ್ಣಿಗೆ ಕಾಣುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಸುಕ್ಕುಸುಕ್ಕಾದ, ಖಾರ ಕಡಿಮೆಯ, ಬಣ್ಣ ಹೆಚ್ಚಿನ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಬಣ್ಣದ ಸಾರ ಆಹಾರದ ಕಾರ್ಖಾನೆಗಳಿಗೆ ಮಾತ್ರವಲ್ಲ, ತುಟಿಯ ಬಣ್ಣ ತಯಾರಿಸುವವರಿಗೂ ಹೋಗುತ್ತದೆ.

ಆದರೆ ಒಣಗಿಸಿದ ಮಾತ್ರಕ್ಕೆ ರೈತ ಗೆದ್ದನೆಂದು ಹೇಳಿದರೆ ಅದು ಅರ್ಧ ಸತ್ಯವಾದೀತು. ನಮ್ಮ ಸುತ್ತಿನ ಹೊಲಗಳಲ್ಲಿ ಗೋವಿನಜೋಳ ಹಬ್ಬಿ ಮೆಣಸಿನಕಾಯಿ ಕಡಿಮೆಯಾಗಿದೆ. ಬ್ಯಾಡಗಿಗೆ ಬರುವ ಕಾಯಿಯಲ್ಲಿ ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಪಾಲು ದೊಡ್ಡದು. ಊರ ಸುತ್ತ ಶೀತಲಗೃಹಗಳು ಎದ್ದಿವೆ. ಕಾಲವನ್ನು ಗಳಿಸುವ ಶಕ್ತಿ ಕಣದಿಂದ ಆ ಶೀತಲಗೃಹಗಳಿಗೆ, ಅಂದರೆ ಇಟ್ಟುಕೊಳ್ಳಲು ಬಂಡವಾಳ ಉಳ್ಳವರ ಕೈಗೆ ಬಹಳಷ್ಟು ಸರಿದಿದೆ. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಹಿಂಸೆಯನ್ನು ಯಾರೂ ಮೆಚ್ಚಲಾರರು. ಆದರೆ ಮಾಲನ್ನು ಮರಳಿ ಒಯ್ದು ಕಾಯಲಾರದವನ ಅಸಹಾಯಕತೆ ಎಂಥದೆಂದು ಊಟ ಬಿಟ್ಟ ಅಪ್ಪನ ಮುಖದಲ್ಲಿ ನಾನು ಕಂಡಿದ್ದೆ.

ಬಿಸಿಲು ಯಥೇಚ್ಛವಾಗಿರುವ ನಮ್ಮ ಸೀಮೆಯ ಕಥೆ ಇದಾಯಿತು. ಬಿಸಿಲೇ ಇಲ್ಲದ ಕಡೆ ಏನು ಮಾಡುತ್ತಿದ್ದರು? ಅದಕ್ಕೆ ಬಹಳ ದೂರ ಹೋಗಬೇಕಿಲ್ಲ. ಹಾನಗಲ್ಲು ದಾಟಿ ಪಶ್ಚಿಮಕ್ಕೆ ನಡೆದರೆ ಶಿರಸಿಯ ಕಾಡು ಸಿಗುತ್ತದೆ. ಅಲ್ಲಿನವರು ಬೇಸಿಗೆಯ ಬಿಸಿಲಿನಲ್ಲಿ ಹಲಸಿನ ಹಪ್ಪಳ, ಮಾವಿನ ರಸದ ಹಪ್ಪಳ, ಬಾಳೆಹಣ್ಣಿನ ಸುಕೇಳಿ, ಮುರುಗಲಿನ ಸಿಪ್ಪೆ ಇವನ್ನೆಲ್ಲ ಮಾಡಿಕೊಳ್ಳುತ್ತಾರೆ. ಆದರೆ ಉಪ್ಪಾಗೆ ಎಂಬ ಹುಳಿಹಣ್ಣು ಕಾಡಿನಲ್ಲಿ ಹಣ್ಣಾಗುವುದು ಸುರಿಯುವ ಮಳೆಗಾಲದಲ್ಲಿ. ಅದರ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ಬೆಂಕಿಯ ಕಾವಿನಲ್ಲಿ ಒಣಗಿಸಬೇಕು. ಮನೆಯ ಹುಳಿಗೆ ಬೇಕಾದಷ್ಟನ್ನು ಒಣಗಿಸುವಾಗ ತೊಂದರೆಯಿರಲಿಲ್ಲ. 1990ರ ದಶಕದಲ್ಲಿ ಆ ಸಿಪ್ಪೆಯ ಸತ್ವ ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ ವಿದೇಶದಲ್ಲಿ ಬೇಡಿಕೆ ಹುಟ್ಟಿತು. ಕ್ವಿಂಟಲ್‌ಗಟ್ಟಲೆ ಸಿಪ್ಪೆಗೆ ಗಾಡಿಗಟ್ಟಲೆ ಕಟ್ಟಿಗೆ ಬೇಕಾಯಿತು. ಕಾಡಿನ ಹಣ್ಣನ್ನು ಒಣಗಿಸಲು ಕಾಡನ್ನೇ ಸುಡುವ ಸ್ಥಿತಿ ಬಂದಾಗ, ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಕಾವು ಕೊಡುವ ಒಣಗಿಸುವ ಒಲೆಗಳನ್ನು ಆ ಭಾಗದಲ್ಲಿ ರೂಪಿಸಬೇಕಾಯಿತು. ಒಣಗಿಸುವ ಶಾಖ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹೊಸದಲ್ಲವೆಂಬುದಕ್ಕೆ ಇದು ನಿದರ್ಶನ.

ಉತ್ತರಕ್ಕೆ ಹೋದರೆ ವಿಜಯಪುರದ ದ್ರಾಕ್ಷಿಯ ಸೀಮೆ. ತಿಕೋಟಾದ ಕಡೆ ಹೋದವರು ಹಸಿರು ಜಾಲರಿ ಕಟ್ಟಿದ ಉದ್ದನೆಯ ಶೆಡ್ಡುಗಳನ್ನು ಕಂಡಿರಬಹುದು. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳು ಪದರವಿರುವುದರಿಂದ ಅದು ಸುಲಭವಾಗಿ ಒಣಗದು. ಆದ್ದರಿಂದ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾದ ಜಾಲರಿಯ ಮೇಲೆ ನೆರಳಿನಲ್ಲಿ ಹರವುತ್ತಾರೆ. ಸುಮಾರು ಎರಡು ವಾರಗಳಲ್ಲಿ ಒಣದ್ರಾಕ್ಷಿ ಸಿದ್ಧ. ನೇರ ಬಿಸಿಲಿಗಿಂತ ಒಣ ಗಾಳಿಯೇ ಇಲ್ಲಿ ಮುಖ್ಯ. ಕಡ್ಲಿಪಲ್ಯವನ್ನು ಅವ್ವ ನೆರಳಲ್ಲಿ ಒಣಗಿಸುತ್ತಿದ್ದುದೂ ಇದೇ ಕಾರಣಕ್ಕೆ. ನೇರ ಬಿಸಿಲು ಬಣ್ಣವನ್ನೂ ಜೀವಸತ್ವವನ್ನೂ ತಿನ್ನುತ್ತದೆ. ಅವಳು ಜೀವಸತ್ವವೆಂಬ ಪದವನ್ನು ಕೇಳಿರಲಿಲ್ಲ, "ಬಿಸಲಿಗೆ ಹಾಕಿದ್ರ ಪಲ್ಯ ಸಾಯತೈತಿ" ಎನ್ನುತ್ತಿದ್ದಳು.

ಯಂತ್ರ ಬಂದದ್ದು ಮನೆಯ ಸಲುವಾಗಿ ಅಲ್ಲ, ಯುದ್ಧದ ಸಲುವಾಗಿ. ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾನ್ಸಿನಲ್ಲಿ ತರಕಾರಿಯನ್ನು ಬಿಸಿಗಾಳಿಯಲ್ಲಿ ಒಣಗಿಸಿ, ಒತ್ತಿ ಇಟ್ಟಿಗೆಯಂತೆ ಮಾಡಿ ಸೈನಿಕರಿಗೆ ಕಳುಹಿಸಿದರು. 1861-65ರ ಅಮೆರಿಕದ ಅಂತರ್ಯುದ್ಧದಲ್ಲಿ ಅದನ್ನು ತಿಂದ ಸೈನಿಕರು, ಇಂಗ್ಲಿಷಿನ 'ಒಣಗಿಸಿದ' ಎಂಬ ಪದವನ್ನೇ ತಿರುಚಿ ಅದನ್ನು 'ಮೈಲಿಗೆಯಾದ ತರಕಾರಿ' ಎಂದು ಹಾಸ್ಯ ಮಾಡುತ್ತಿದ್ದರಂತೆ. ಎರಡನೆಯ ಮಹಾಯುದ್ಧದಲ್ಲಿ ಆಲೂಗಡ್ಡೆ, ಉಳ್ಳಾಗಡ್ಡಿ, ಗಜ್ಜರಿಗಳು ದೊಡ್ಡ ಪ್ರಮಾಣದಲ್ಲಿ ಒಣಗಿ ರಣರಂಗಕ್ಕೆ ಹೋದವು. ಸ್ವತಂತ್ರ ಭಾರತದಲ್ಲಿ ಈ ವಿದ್ಯೆಯ ಶಾಸ್ತ್ರೀಯ ನೆಲೆ ನಮ್ಮ ಮೈಸೂರೇ ಆಯಿತು. 1950ರಲ್ಲಿ ಅಲ್ಲಿನ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾಯಿತು. 1961ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಸ್ಥಾಪನೆಯಾಯಿತು. ಹಿಮಾಲಯದ ಗಡಿ ಕಾಯುವ ಸೈನಿಕನಿಗೆ ಒಯ್ಯಲು ಹಗುರವಾದ, ಕೆಡದ ಊಟವನ್ನು ರೂಪಿಸುವುದು ಅದರ ಕೆಲಸಗಳಲ್ಲೊಂದು. ರಾಜಕುಮಾರಿಯ ಅರಮನೆಯಲ್ಲಿ ವಿಜ್ಞಾನಿಗಳು ಕೈಗೊಂಡದ್ದು ಮಾಳಿಗೆಯ ಮೇಲಿನ ಹೆಂಗಸರ ಪ್ರಶ್ನೆಗಳನ್ನೇ ಎಂಬುದು ನನಗೆ ಸಂತೋಷದ ವಿಷಯ.

ಈಗ ನಮ್ಮ ಮನೆಯ ಯಂತ್ರಕ್ಕೆ ಬರುತ್ತೇನೆ. ಸೊಸೆ ರಜೆ ಮುಗಿಸಿ ಹೋದ ಮೇಲೆ ಆ ಟೊಮ್ಯಾಟೊ ಬುಟ್ಟಿಯ ಭಾರ ನನ್ನ ಮೇಲೆ ಬಿತ್ತು. ಹೆಂಡತಿ ಹೋಳು ಮಾಡಿ ಕೊಟ್ಟಳು. ಬೇಗ ಮುಗಿಯಲೆಂದು ನಾನು ಶಾಖದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ನಾಲ್ಕು ತಾಸಿನಲ್ಲಿ ಹೋಳುಗಳು ಹೊರಗಿನಿಂದ ಚಕ್ಕೆಯಂತಾದವು. ಹೆಮ್ಮೆಯಿಂದ ಡಬ್ಬಿಗೆ ತುಂಬಿದೆ. ಹತ್ತು ದಿನಗಳ ಮೇಲೆ ಮುಚ್ಚಳ ತೆಗೆದರೆ ಬೂಸಿನ ವಾಸನೆ. ಅಷ್ಟನ್ನೂ ತಿಪ್ಪೆಗೆ ಹಾಕಬೇಕಾಯಿತು. ತಿಪ್ಪೆಗೆ ಹಾಕಬಾರದೆಂದೇ ಆ ರೈತ ಕೊಟ್ಟುಹೋದ ಬುಟ್ಟಿಯದು.

ನನ್ನ ಜೊತೆ ವಿಜ್ಞಾನ ಕಲಿಸುತ್ತಿದ್ದ ಗೆಳೆಯರೊಬ್ಬರಿಗೆ ಫೋನು ಮಾಡಿದೆ. ಅವರು ಬಿಡಿಸಿ ಹೇಳಿದರು. ಒಣಗುವುದರಲ್ಲಿ ಎರಡು ಕೆಲಸಗಳಿವೆ. ಒಳಗಿನ ನೀರು ಹೊರಮೈಗೆ ಬರಬೇಕು, ಹೊರಮೈಯ ನೀರನ್ನು ಗಾಳಿ ಎತ್ತಿಕೊಂಡು ಹೋಗಬೇಕು. ಶಾಖ ಅತಿಯಾದರೆ ಎರಡನೆಯ ಕೆಲಸ ಮೊದಲನೆಯದನ್ನು ಹಿಂದೆ ಹಾಕುತ್ತದೆ. ಹೊರಮೈ ಗಟ್ಟಿ ಸಿಪ್ಪೆಯಾಗಿ ಒಳಗಿನ ನೀರು ಸೆರೆಯಾಗುತ್ತದೆ. ಆದ್ದರಿಂದ ತರಕಾರಿಗೂ ಹಣ್ಣಿಗೂ 55ರಿಂದ 60 ಡಿಗ್ರಿ ಸೆಲ್ಸಿಯಸ್, ಸೊಪ್ಪಿಗೆ 40ರಿಂದ 45 ಡಿಗ್ರಿ ಸಾಕು. ಹೋಳುಗಳು ಒಂದೇ ದಪ್ಪವಾಗಿರಬೇಕು, ಒಂದರ ಮೇಲೊಂದು ಬೀಳಬಾರದು. ಬೀನ್ಸು, ಗಜ್ಜರಿಯಂಥವನ್ನು ಮೊದಲು ಎರಡು ಮೂರು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಬಣ್ಣ ಉಳಿಯುತ್ತದೆ. ಒಣಗಿದ ತರಕಾರಿ ಮುರಿದರೆ ಟಕ್ಕನೆ ಸದ್ದಾಗಬೇಕು, ಹಣ್ಣು ಚರ್ಮದಂತೆ ಬಾಗಬೇಕು, ಹಿಚುಕಿದರೆ ತೇವ ಕಾಣಬಾರದು. ಪೂರ್ಣ ಆರಿದ ಮೇಲೆಯೇ ಗಾಜಿನ ಭರಣಿಗೆ ತುಂಬಿ, ಒಂದು ವಾರ ದಿನವೂ ಅಲುಗಾಡಿಸಿ ನೋಡಬೇಕು. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಮತ್ತೆ ತಟ್ಟೆಗೆ ಹಾಕಬೇಕು.

ಅವರು ಹೇಳುತ್ತಿದ್ದಂತೆ ಅವ್ವನೇ ಮಾತಾಡಿದ ಹಾಗಾಯಿತು. ಚವಳಿಕಾಯಿಯನ್ನು ಅವಳು ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಿದ್ದಳು. ಮೊದಲ ದಿನ ಸುಡುಬಿಸಿಲಿಗೆ ಹಾಕಲು ಬಿಡುತ್ತಿರಲಿಲ್ಲ. ಗಡಿಗೆಗೆ ತುಂಬಿದ ಮೇಲೂ ಎಂಟು ದಿನ ಬಿಟ್ಟು ಕೈ ಹಾಕಿ ನೋಡಿ, "ಬೆವತೈತಿ" ಎಂದು ಮತ್ತೆ ಮಾಳಿಗೆಗೆ ಏರಿಸುತ್ತಿದ್ದಳು. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಕಲಿಯಲಿಲ್ಲ, ಏಕೆಂದರೆ ಅದು ಕಲಿಯಬೇಕಾದ ವಿದ್ಯೆಯೆಂದು ನನಗೆ ಅನಿಸಿರಲೇ ಇಲ್ಲ.

ಎರಡನೆಯ ಸಲ ಹತ್ತು ಕಿಲೋ ಟೊಮ್ಯಾಟೊವನ್ನು ಅದೇ ರೈತರಿಂದ ಹಣ ಕೊಟ್ಟು ತಂದೆ. ಟೊಮ್ಯಾಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕರಷ್ಟು ನೀರೇ ಇರುವುದರಿಂದ, ಕಂತಿನ ಮೇಲೆ ಒಣಗಿಸಿದಾಗ ಉಳಿದದ್ದು ಆರೇಳು ನೂರು ಗ್ರಾಂ. ನಮ್ಮ ಯಂತ್ರ 500 ವ್ಯಾಟಿನದು, ಪೂರ್ತಿ ಉರಿದರೆ ಹತ್ತು ತಾಸಿಗೆ ಐದು ಯೂನಿಟ್ಟು. ಸಂತೆಯಲ್ಲಿ ಟೊಮ್ಯಾಟೊ ಅಗ್ಗವಾದಾಗ ಈ ಲೆಕ್ಕ ಕೂಡುತ್ತದೆ, ತುಟ್ಟಿಯಾದಾಗ ಕೂಡುವುದಿಲ್ಲ. ನಮ್ಮ ಬೇಸಿಗೆಯಲ್ಲಂತೂ ಮಾಳಿಗೆಯ ಮುಂದೆ ಯಂತ್ರ ನಿಲ್ಲಲಾರದು. ಅದರ ಉಪಯೋಗವಿರುವುದು ಶ್ರಾವಣದಲ್ಲಿ, ಗಾಳಿಯೇ ಒದ್ದೆಯಾಗಿರುವಾಗ.

ಇಂಥ ಪುಟ್ಟ ಯಂತ್ರಗಳೂ ಬಿಸಿಲೂ ಕೂಡಿ ಏನು ಮಾಡಬಲ್ಲವು ಎಂಬುದನ್ನು 2021ರಲ್ಲಿ ನಮ್ಮ ನಾಡು ಕಂಡಿದೆ. ಕೊರೋನಾ ಕಾಲದಲ್ಲಿ ಬಾಳೆಕಾಯಿಯ ಬೆಲೆ ಬಿದ್ದುಹೋಯಿತು. ಆಗ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರ ಪ್ರೇರಣೆಯಿಂದ ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡುವ ಆಂದೋಲನ ಹಬ್ಬಿತು. ಬಾಳೆಕಾಯಿ ಹುಡಿಗೆ 'ಬಾಕಾಹು' ಎಂಬ ಮುದ್ದಾದ ಹೆಸರೂ ಬಂತು. ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಗೃಹಿಣಿಯರು ಅದರಿಂದ ರೊಟ್ಟಿ, ದೋಸೆ, ಗುಲಾಬ್ ಜಾಮೂನುಗಳನ್ನೆಲ್ಲ ಮಾಡಿ ತೋರಿಸಿದರು. ಅದೇ ಜುಲೈ ತಿಂಗಳ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರೂ ಅದನ್ನು ಉಲ್ಲೇಖಿಸಿದರು. ಬೆಲೆ ಬಿದ್ದಾಗ ಬೈಯುತ್ತ ಕೂಡುವ ಬದಲು, ಮನೆಯಲ್ಲಿಯೇ ಕಾಲವನ್ನು ಗಳಿಸಿಕೊಳ್ಳುವ ದಾರಿಯೊಂದನ್ನು ಆ ಹೆಂಗಸರು ಕಂಡುಕೊಂಡರು.

ಒಂದು ಯಂತ್ರದಿಂದ ಒಬ್ಬ ರೈತನ ಟೊಮ್ಯಾಟೊ ತೋಟ ಉಳಿಯುವುದಿಲ್ಲ. ಆರು ತಟ್ಟೆಗಳ ಪೆಟ್ಟಿಗೆ ಒಂದು ಗಾಡಿಯ ಮಾಲಿಗೆ ಏನು ಸಾಕು? ಆದರೆ ಊರಿಗೊಂದು ದೊಡ್ಡ ಸೌರ ಒಣಮನೆ, ಅದರ ಪಕ್ಕದಲ್ಲಿ ರೈತರೇ ನಡೆಸುವ ಒಂದು ಉಗ್ರಾಣ ಇದ್ದರೆ, ಸಂತೆಯಿಂದ ಬುಟ್ಟಿ ಮರಳಿ ಬಂದ ದಿನ ತಿಪ್ಪೆಯ ದಾರಿಯೊಂದೇ ಉಳಿಯುವುದಿಲ್ಲ. ಇಂಕಾ ಅರಸರು ಸೈನ್ಯಕ್ಕಾಗಿ ಮಾಡಿದ್ದನ್ನು ನಾವು ರೈತನಿಗಾಗಿ ಮಾಡಬಾರದೆ?

ಈ ದೀಪಾವಳಿಗೆ ಸೊಸೆ ಬಂದಾಗ ಅಟ್ಟದ ಮೇಲಿದ್ದ ಅವ್ವನ ಹಳೆಯ ಗಡಿಗೆಯೊಂದನ್ನು ಇಳಿಸಿ ತೋರಿಸಿದೆ. ಬಾಯಿ ಸ್ವಲ್ಪ ಒಡೆದಿದೆ. ಒಳಗೆ ಇನ್ನೂ ಮಜ್ಜಿಗೆ ಮೆಣಸಿನಕಾಯಿಯ ಸಣ್ಣ ವಾಸನೆ ಇದೆಯೆಂದು ನನಗೆ ಅನಿಸುತ್ತದೆ, ಹೆಂಡತಿ ಅದು ಬರೀ ಭ್ರಮೆ ಎನ್ನುತ್ತಾಳೆ. ಸೊಸೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಅತ್ತಿಯಾರ, ಕಡ್ಲಿಪಲ್ಯ ಒಣಗಸೋದು ನನಗ ಹೇಳಿ ಕೊಡ್ರಿ. ಈ ಸಲ ಮಾಳಿಗಿ ಮ್ಯಾಲೇ ಹಾಕೂಣು" ಎಂದಳು. ನಮ್ಮ ಮನೆಗೆ ಈಗ ಸಿಮೆಂಟಿನ ಮಾಳಿಗೆ. ಬಿಸಿಲು ಮಾತ್ರ ಅಂದಿನದೇ ಇದೆ. ಕಡಲೆ ಬಿತ್ತಿಯಾಗಿದೆ, ಕುಡಿ ಚಿವುಟುವ ಕಾಲ ದೂರವಿಲ್ಲ. ಕಾಗೆ ಕಾಯಲು ಈ ಸಲ ಮೊಮ್ಮಗನನ್ನು ಕೂಡಿಸಬೇಕೆಂದಿದ್ದೇನೆ.